ಲಾ ಸೀಟು ಸೇರೋದೋ, ಇನ್ನೊಂದು ವರ್ಷ ಕಾಯೋದೋ: ಅಣ್ಣನ ಮಗಳಿಗೆ ಪತ್ರ

ಶಿವಮೊಗ್ಗ

ಚಿ. ಪುಟ್ಟಿಗೆ, ಅತ್ತೆಯ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಎರಡೂ ಕಾಲೇಜಿನ ಫೀಸು ಪಟ್ಟಿ ನೋಡಿದೆ. ನಿನ್ನ ಉದ್ದನೆಯ ಮೆಸೇಜನ್ನೂ ಓದಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇದು ಒಂದೇ ಸಲ ಕೇಳಿ ಬಿಡೋ ವಿಷಯ ಅಲ್ಲ. ನಿಧಾನವಾಗಿ ಓದು, ನಿಮ್ಮಪ್ಪನಿಗೂ ಓದೋಕೆ ಕೊಡು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿ ಲಾ ಕಾಲೇಜಿನ ಸೀಟು ತಗೋ. ದೂರದ ರಾಜ್ಯದ ಆ ಹೊಸ ಎನ್‌ಎಲ್‌ಯು, ಅಂದರೆ ನ್ಯಾಷನಲ್ ಲಾ ಯೂನಿವರ್ಸಿಟಿ, ಬೇಡ. ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಎನ್‌ಎಲ್‌ಯುಗಳ ಪ್ರವೇಶ ಪರೀಕ್ಷೆ ಕ್ಲಾಟ್ ಬರೆಯೋದೂ ಬೇಡ. ಯಾಕೆ ಅಂತ ಹೇಳುತ್ತೇನೆ.

ನಿನಗೆ ಏನಾಗಬೇಕು ಅಂತ ನಾನು ಕೇಳಿದಾಗ ನೀನು ಹೇಳಿದ್ದು ಒಂದೇ ಮಾತು, ಸಿವಿಲ್ ಜಡ್ಜ್. ಅದನ್ನು ನಾನು ಸುಮ್ನೆ ಹೇಳಿದ ಮಾತು ಅಂತ ತಗೊಂಡಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಿನಗೆ ಗೊತ್ತಲ್ವಾ? ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕು ಅಂತ. ಅಂದರೆ ಐದು ವರ್ಷ ಓದು ಮುಗಿಸಿ, ವಕೀಲಿ ಮಾಡೋ ಸನ್ನದು ತಗೊಂಡು, ಮೂರು ವರ್ಷ ಕೆಲಸ ಮಾಡಬೇಕು, ಸಾಮಾನ್ಯವಾಗಿ ಯಾರಾದರೂ ಸೀನಿಯರ್ ಕೈಕೆಳಗೆ. ವಕೀಲರ ಬದುಕಿನಲ್ಲಿ ಕೈಗೆ ದುಡ್ಡು ತೀರಾ ಕಡಿಮೆ ಬರೋ ಕಾಲ ಅದೇ.

ಈಗ ಸಾಲದ ಲೆಕ್ಕ ನೋಡು. ಎನ್‌ಎಲ್‌ಯು ಪಟ್ಟಿಯಲ್ಲಿ ಟ್ಯೂಷನ್ ಫೀಸು, ಹಾಸ್ಟೆಲ್, ಮೆಸ್, ಲೈಬ್ರರಿ ಎಲ್ಲ ಕೂಡಿದರೆ ವರ್ಷಕ್ಕೆ ಮೂರು ಲಕ್ಷದ ಹತ್ತಿರ. ಅದರಲ್ಲಿ ಅರವತ್ತು ಸಾವಿರ ನಿಮ್ಮಪ್ಪ ಕೈಯಿಂದ ಹಾಕುತ್ತಾನೆ ಅಂತ ಇಟ್ಟುಕೋ. ಉಳಿದದ್ದು ವರ್ಷಕ್ಕೆ 2.4 ಲಕ್ಷ, ಐದು ವರ್ಷಕ್ಕೆ 12 ಲಕ್ಷ ಸಾಲ. ಕೋರ್ಸ್ ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟೋದು ಬೇಡ ಅನ್ನುತ್ತಾರೆ. ಆದರೆ ಆ ಕಾಲದಲ್ಲಿ ಬಡ್ಡಿ ನಿಲ್ಲೋದಿಲ್ಲ. ಹತ್ತು ಪರ್ಸೆಂಟ್ ಸರಳ ಬಡ್ಡಿ ಹಿಡಿದರೂ, ಮೊದಲ ವರ್ಷದ ದುಡ್ಡಿಗೆ ಆರು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ಐದು, ಹೀಗೆ ಕೂಡಿಸಿದರೆ 4.8 ಲಕ್ಷ ಆಗುತ್ತದೆ. ಒಟ್ಟು 16.8 ಲಕ್ಷ. ಅದನ್ನು ಹತ್ತು ವರ್ಷದಲ್ಲಿ ತೀರಿಸೋಕೆ ತಿಂಗಳಿಗೆ ಹತ್ತಿರಹತ್ತಿರ 22 ಸಾವಿರ ಕಟ್ಟಬೇಕು.

ಜೂನಿಯರ್‌ಗೆ ಸಿಗೋದು ಎಷ್ಟು? ನಗರದಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರವಾದರೂ ಕೊಡಿ ಅಂತ 2024ರಲ್ಲಿ ಭಾರತೀಯ ವಕೀಲರ ಪರಿಷತ್ತು ಸೀನಿಯರ್‌ಗಳಿಗೆ ಸಲಹೆ ಕೊಟ್ಟಿತು. ಅದು ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಜಿಲ್ಲಾ ಕೋರ್ಟುಗಳಲ್ಲಿ ಅಷ್ಟು ಸಿಗದ ಹುಡುಗ ಹುಡುಗಿಯರನ್ನು ನಾನು ದಿನಾ ನೋಡುತ್ತೇನೆ. ಸಿಗೋದೆಲ್ಲ ಬ್ಯಾಂಕಿಗೇ ಹೋದರೆ ನೀನು ಏನು ಮಾಡುತ್ತೀಯ? ವಕೀಲಿ ಬಿಟ್ಟು ಯಾವುದೋ ಕಂಪನಿ ಕೆಲಸ ಹಿಡಿಯುತ್ತೀಯ. ಆಗ ಮೂರು ವರ್ಷದ ವಕೀಲಿ ಎಲ್ಲಿಂದ ಬರಬೇಕು? ನನಗೆ ಹೆದರಿಕೆ ಇರೋದು ಇಲ್ಲೇ. ಬ್ಯಾಂಕ್ ಅಡಮಾನ ಕೇಳುತ್ತದೋ ಇಲ್ಲವೋ ಅನ್ನೋದು ಆಮೇಲಿನ ಮಾತು. ಕೇಂದ್ರದ ಶಿಕ್ಷಣ ಸಾಲ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿರೋ ಸಂಸ್ಥೆಯಾದರೆ ಅಡಮಾನ ಬೇಡ, ನಿಜ. ಆದರೆ ಅಡಮಾನ ಇಲ್ಲದ ಸಾಲವನ್ನೂ ತೀರಿಸಬೇಕು.

ನಿನಗೆ ಕಾರ್ಪೊರೇಟ್ ಲಾ ಬೇಕು, ಮುಂಬೈನ ದೊಡ್ಡ ಫರ್ಮಿಗೆ ಹೋಗಬೇಕು ಅಂತಿದ್ದರೆ ನಾನು ಬೇರೆ ಪತ್ರ ಬರೆಯುತ್ತಿದ್ದೆ. ಅಲ್ಲಿ ಕಾಲೇಜಿನ ಹೆಸರು ನೋಡುತ್ತಾರೆ, ಕ್ಯಾಂಪಸ್ಸಿಗೇ ಬಂದು ಕರೆದುಕೊಂಡು ಹೋಗುತ್ತಾರೆ. ಆದರೆ ಅದು ಹಳೆಯ ನಾಲ್ಕೈದು ಎನ್‌ಎಲ್‌ಯುಗಳಲ್ಲಿ ಹೆಚ್ಚು. ಹೆಸರಿನಲ್ಲಿ ‘ನ್ಯಾಷನಲ್’ ಇದ್ದ ಮಾತ್ರಕ್ಕೆ ಇಪ್ಪತ್ತಕ್ಕೂ ಜಾಸ್ತಿ ಕಾಲೇಜು ಎಲ್ಲವೂ ಒಂದೇ ಆಗೋದಿಲ್ಲ.

ಇನ್ನೂ ಒಂದು ವಿಷಯ ಇದೆ, ಇದನ್ನು ಯಾರೂ ನಿನಗೆ ಹೇಳಿದ ಹಾಗಿಲ್ಲ. ನೀನು ಜಡ್ಜ್ ಆಗಿ ಕೂರೋದು ಕರ್ನಾಟಕದ ಯಾವುದೋ ತಾಲೂಕಿನಲ್ಲಿ. ನಿನ್ನ ಮುಂದೆ ಸಾಕ್ಷಿ ಕಟಕಟೆಯಲ್ಲಿ ನಿಲ್ಲೋ ರೈತ ಕನ್ನಡದಲ್ಲಿ ಮಾತಾಡುತ್ತಾನೆ. ಪಾಟೀಸವಾಲು ನಡೆಯೋದು ಕನ್ನಡದಲ್ಲಿ. ಕಡತದಲ್ಲಿ ಪಹಣಿ, ಮ್ಯುಟೇಶನ್, ಹಳೆ ಕ್ರಯಪತ್ರ, ಪಾಲುಪಟ್ಟಿ. ನೀನು ಓದಬೇಕಾದ್ದು 1961ರ ಭೂಸುಧಾರಣಾ ಕಾಯ್ದೆ, 1964ರ ಭೂಕಂದಾಯ ಕಾಯ್ದೆ, ಎಸ್‌ಸಿ, ಎಸ್‌ಟಿಯವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ. ಮೂರೂ ನಮ್ಮ ರಾಜ್ಯದ ಕಾಯ್ದೆಗಳು. ಹೊರರಾಜ್ಯದ ಕಾಲೇಜಿನಲ್ಲಿ ಭೂಮಿ ಕಾನೂನು ಅಂದರೆ ಆ ರಾಜ್ಯದ್ದೇ ಹೇಳಿಕೊಡುತ್ತಾರೆ. ಅಲ್ಲಿನ ಕೋರ್ಟಿಗೆ ಇಂಟರ್ನ್‌ಶಿಪ್‌ಗೆ ಹೋದರೆ ಸಾಕ್ಷಿ ಏನು ಹೇಳಿದ ಅಂತ ಪಕ್ಕದವರನ್ನು ಕೇಳಬೇಕು.

ನನ್ನ ಆಫೀಸಿಗೆ ಹೊಸ ಜೂನಿಯರ್ ಬಂದಾಗ ಮೊದಲ ದಿನ ಏನು ಮಾಡುತ್ತೇನೆ ಗೊತ್ತಾ? ಒಂದು ಪಾಲಿನ ದಾವೆಯ ಕಡತ ಕೈಗೆ ಕೊಡುತ್ತೇನೆ. ಇದರಲ್ಲಿ ಯಾವ ತಾರೀಖಿಗೆ ಏನಾಯ್ತು ಅಂತ ಒಂದೇ ಹಾಳೆಯಲ್ಲಿ ಬರೆದುಕೊಂಡು ಬಾ ಅನ್ನುತ್ತೇನೆ. ಅಜ್ಜ ತೀರಿಹೋದ ವರ್ಷಕ್ಕೂ ಪಹಣಿಯಲ್ಲಿ ಹೆಸರು ಬದಲಾದ ವರ್ಷಕ್ಕೂ ತಾಳೆ ಇಲ್ಲ ಅನ್ನೋದು ಯಾರ ಕಣ್ಣಿಗೆ ಬೀಳುತ್ತದೋ ಅವರನ್ನು ನಾನು ಬಿಡೋದಿಲ್ಲ. ಯಾವ ಕಾಲೇಜು ಅಂತ ಕೇಳೋದು ಟೀ ಕುಡಿಯುವಾಗ.

ಹುಬ್ಬಳ್ಳಿ ಕಡಿಮೆ ಅಂತ ನಿನ್ನ ಕ್ಲಾಸಿನವರು ಅಂದರು ಅಂತ ಬರೆದಿದ್ದೀಯ. ಹುಬ್ಬಳ್ಳಿ ನವನಗರದ ಕ್ಯಾಂಪಸ್ಸಿನಿಂದ ಧಾರವಾಡದ ಹೈಕೋರ್ಟ್ ಪೀಠ ಎಷ್ಟು ಹತ್ತಿರ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಪೀಠ ಅದು. ರಜೆ ಸಿಕ್ಕಾಗ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳು. ಇನ್ನು ಉತ್ತರ ಕರ್ನಾಟಕದ ಕಾಲೇಜು ಅಂತ ಮುಖ ಸಿಂಡರಿಸೋರಿಗೆ ಒಂದು ಮಾತು. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದ ನಮ್ಮ ಮಂಡ್ಯ ಕಡೆಯ ಈ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ ಆದರು.

ಇನ್ನು ಕಾಯೋ ವಿಷಯ. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಮೇಲೆ ನಿನಗಿರೋ ಆಸೆ ನನಗೆ ಅರ್ಥ ಆಗುತ್ತದೆ. ಒಳ್ಳೆ ಆಸೆ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅಲ್ಲಿ ಶೇ. 25 ಸೀಟು ಇದೆ ಅನ್ನೋದೂ ಸರಿ. ಆದರೆ ಆ ಸೀಟುಗಳಿಗೆ ರಾಜ್ಯದ ಜಾಣ ಮಕ್ಕಳೆಲ್ಲ ನಿನ್ನ ಜೊತೆಗೇ ನಿಂತಿರುತ್ತಾರೆ. ಅದೂ ಅಲ್ಲದೆ ನೀನು ಒಂದು ವರ್ಷ ಅಂತಿದ್ದೀಯ, ಅಷ್ಟು ಎಲ್ಲಿದೆ? ಈಗ ಜೂನ್. ಕ್ಲಾಟ್ ನಡೆಯೋದು ಡಿಸೆಂಬರಿನ ಶುರುವಿನಲ್ಲಿ. ಕೈಗೆ ಸಿಗೋದು ಆರು ತಿಂಗಳೂ ಇಲ್ಲ.

ಕಾಯೋದೇ ತಪ್ಪು ಅಂತ ನಾನು ಹೇಳೋದಿಲ್ಲ. ಪರೀಕ್ಷೆ ದಿನ ಜ್ವರ ಬಂದಿದ್ದರೆ, ಪಿಯುಸಿ ಓದಿನ ಮಧ್ಯೆ ಕ್ಲಾಟ್‌ಗೆ ಪುಸ್ತಕವನ್ನೇ ತೆಗೆಯದಿದ್ದರೆ, ಕಾಯಿ ಅಂತ ನಾನೇ ಹೇಳುತ್ತಿದ್ದೆ. ನಿನ್ನದು ಹಾಗಲ್ಲ. ಎರಡು ವರ್ಷ ಕೋಚಿಂಗ್‌ಗೆ ಹೋದೆ. ಮಾಕ್ ಟೆಸ್ಟಿನ ಅಂಕ ಬರೆದಿಟ್ಟ ನೀಲಿ ರಟ್ಟಿನ ನೋಟ್‌ಬುಕ್ ನೀನೇ ತೋರಿಸಿದ್ದೆ. ಕೊನೆಯ ಪುಟಗಳಲ್ಲಿ 120ಕ್ಕೆ 72, 76, 74, 77. ಪರೀಕ್ಷೆಯಲ್ಲೂ ಬಂದದ್ದು ಅಷ್ಟೇ. ಪ್ರತಿ ಸಲವೂ ಲೆಕ್ಕದ ಭಾಗದಲ್ಲಿ ಊಹೆ ಮಾಡಿ ಗುರುತು ಹಾಕಿದ್ದೀಯ, ತಪ್ಪಿಗೆ ಕಾಲು ಅಂಕದಂತೆ ಹೋಗಿದೆ. ಆ ಅಂಕ ನಿನ್ನ ಶ್ರಮದ ಅಂಕ, ಅದಕ್ಕೆ ನಾಚಿಕೆ ಬೇಡ. ಆದರೆ ಅದೇ ಕೋಚಿಂಗ್, ಅದೇ ಪುಸ್ತಕ ಇಟ್ಟುಕೊಂಡು ಇನ್ನಾರು ತಿಂಗಳಲ್ಲಿ ಹತ್ತಿಪ್ಪತ್ತು ಅಂಕ ಹೆಚ್ಚು ಬರುತ್ತದೆ ಅನ್ನೋಕೆ ನನಗೆ ಕಾರಣ ಕಾಣಿಸುತ್ತಿಲ್ಲ.

ಹುಬ್ಬಳ್ಳಿಗೆ ಸೇರಿಕೊಂಡೇ ಡಿಸೆಂಬರಿನಲ್ಲಿ ಇನ್ನೊಮ್ಮೆ ಬರೀತೀನಿ ಅಂತಲೂ ಕೇಳಿದ್ದೀಯ. ಬರೆಯಬಹುದು, ಅಡ್ಡಿ ಇಲ್ಲ. ಆದರೆ ನಾಗರಭಾವಿಯಲ್ಲಿ ಸೀಟು ಸಿಕ್ಕರೆ ಮತ್ತೆ ಮೊದಲ ವರ್ಷದಿಂದಲೇ ಶುರು ಮಾಡಬೇಕು. ಹುಬ್ಬಳ್ಳಿಯಲ್ಲಿ ಓದಿದ್ದು ಅಲ್ಲಿಗೆ ಲೆಕ್ಕಕ್ಕೆ ಬರೋದಿಲ್ಲ. ಹುಬ್ಬಳ್ಳಿ ಕ್ಲಾಸಿನಲ್ಲಿ ಶೇ. 70 ಹಾಜರಾತಿಯೂ ಬೇಕು. ಒಂದು ಕಾಲು ಹೊರಗಿಟ್ಟುಕೊಂಡು ಕೂತರೆ ಮೊದಲ ಸೆಮಿಸ್ಟರಿನ ಪಾಠವೇ ತಲೆಗೆ ಹತ್ತೋದಿಲ್ಲ. ನಾಗರಭಾವಿಯಲ್ಲಿ ಓದಲೇಬೇಕು ಅನ್ನಿಸಿದರೆ ಐದು ವರ್ಷ ಆದ ಮೇಲೆ ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂ ಇದೆ. ಅದಕ್ಕೂ ಕ್ಲಾಟ್ ಬರೆದೇ ಹೋಗೋದು.

ಈಗ ಮಾಡಬೇಕಾದ ಕೆಲಸ. ಮುಂದಿನ ಸುತ್ತಿನ ಕೊನೆ ದಿನದೊಳಗೆ ಕ್ಲಾಟ್ ಕೌನ್ಸೆಲಿಂಗ್ ಪೋರ್ಟಲಿನಲ್ಲಿ ಎಕ್ಸಿಟ್ ಕೊಡು, ಅಂದರೆ ಎನ್‌ಎಲ್‌ಯು ಸೀಟು ಬಿಟ್ಟು ಹೊರಗೆ ಬಾ. ಇನ್ನೂ ಒಳ್ಳೆ ಸೀಟಿಗೆ ಕಾಯೋ ಫ್ಲೋಟ್ ಅಂತ ಬಿಟ್ಟು ಸುಮ್ಮನೆ ಕೂರಬೇಡ. ಯಾವ ದಿನದ ಒಳಗೆ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಅಂತ ನೋಟಿಸು ಪೂರ್ತಿ ಓದು. ಹುಬ್ಬಳ್ಳಿಗೆ ನಿಮ್ಮಪ್ಪನ ಜೊತೆ ಒಂದು ಸಲ ಹೋಗಿ ಲೈಬ್ರರಿ, ಹಾಸ್ಟೆಲ್ ನೋಡಿ ಬಾ. ನಾಲ್ಕನೇ ವರ್ಷದ ಹುಡುಗಿಯರು ಸಿಕ್ಕರೆ ಯಾವ ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಾರೆ, ಅಣಕು ನ್ಯಾಯಾಲಯದ ಸ್ಪರ್ಧೆ ಮೂಟ್ ಕೋರ್ಟ್‌ಗೆ ಯಾರನ್ನು ಹಿಡಿಯಬೇಕು ಅಂತ ಕೇಳು. ಮೊದಲ ಬೇಸಿಗೆ ರಜೆಗೆ ನನ್ನ ಆಫೀಸಿಗೆ ಬಾ.

ಇಷ್ಟು ಓದಿದ ಮೇಲೂ ಕಾಯಬೇಕು ಅನ್ನಿಸಿದರೆ ನಾನು ಬೇಡ ಅನ್ನೋದಿಲ್ಲ. ಓದೋಳು ನೀನು. ಡಿಸೆಂಬರಿನೊಳಗೆ ಏನು ಬೇರೆ ಮಾಡುತ್ತೀಯ ಅಂತ ಒಂದು ಹಾಳೆಯಲ್ಲಿ ಬರೆದು ತಗೊಂಡು ಬಾ. ಅದು ನನಗೆ ಒಪ್ಪಿಗೆಯಾದರೆ ಅಣ್ಣನ ಹತ್ತಿರ ನಾನೇ ಮಾತಾಡುತ್ತೇನೆ, ಕೋಚಿಂಗ್ ಫೀಸು ನನ್ನದು.

ಅಮ್ಮನಿಗೆ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಅತ್ತೆ