ಪೈಪೋಟಿ ಇರಲಿ, ಕಷ್ಟಕ್ಕೂ ಆಗಲಿ

ಸಂಪಾದಕರೇ,

2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ 'ಡಾಲಿ' ಹಡಗು ಗುದ್ದಿ ಸೇತುವೆ ಕುಸಿಯಿತು. ಆರು ಕಾರ್ಮಿಕರು ಸತ್ತರು, ಬಂದರಿನ ದಾರಿಯೇ ಮುಚ್ಚಿಹೋಯಿತು. ಅಲ್ಲಿಗೆ ಬರಬೇಕಿದ್ದ ಕಂಟೇನರ್‌ಗಳನ್ನು ಇಳಿಸಿಕೊಂಡಿದ್ದು ಅದರ ಜೊತೆ ಪೈಪೋಟಿ ಮಾಡುವ ನಾರ್ಫೋಕ್, ನ್ಯೂಯಾರ್ಕ್ ಬಂದರುಗಳೇ. ಅಲ್ಲಿನದೇ ಇನ್ನೊಂದು ಪೈಪೋಟಿಯ ಜೋಡಿ ಸಿಯಾಟಲ್, ಟಕೋಮಾ ಬಂದರುಗಳಂತೂ 2015ರಲ್ಲೇ ಸರಕು ವ್ಯವಹಾರ ಒಟ್ಟು ಮಾಡಿಕೊಂಡವು (ಪ್ರೀತಿಗಲ್ಲ ಬಿಡಿ, ಗಿರಾಕಿ ಕೈತಪ್ಪುವ ಭಯಕ್ಕೆ).

2025ರ ಜೂನ್‌ನಲ್ಲಿ ಕೇರಳದಾಚೆ ಸಮುದ್ರದಲ್ಲಿ 'ವಾನ್ ಹೈ 503' ಕಂಟೇನರ್ ಹಡಗು ಹೊತ್ತಿ ಉರಿದಾಗ ಪಾರಾದ ನಾವಿಕರನ್ನು ಮಂಗಳೂರಿಗೇ ಕರೆತಂದರು. ಸರಕಿಗೂ ಹಾಗೆ ಆಸರೆ ಬೇಕಲ್ವಾ? ಒಂದು ಬಂದರು ನಿಂತರೆ ನಮ್ಮ ಕಾಫಿ, ಗೋಡಂಬಿ ಕಂಟೇನರ್ ಯಾರು ತೆಗೆದುಕೊಳ್ಳಬೇಕು, ಹಡಗು ಎಳೆಯುವ ಟಗ್ ದೋಣಿ ಯಾರು ಕೊಡಬೇಕು, ಕಸ್ಟಮ್ಸ್ ಕಾಗದ ಹೇಗೆ ಬದಲಾಗಬೇಕು ಅಂತ ನಮ್ಮ ಪಣಂಬೂರು, ಕೊಚ್ಚಿ, ಗೋವಾದ ಮುರ್ಮುಗಾವ್ ಬಂದರಿನವರು ಕೂತು ಮೊದಲೇ ಬರೆದಿಟ್ಟುಕೊಳ್ಳಲಿ. ದರದಲ್ಲಿ ಮಾತ್ರ ಒಂದಾಗೋದು ಬೇಡ, ಆಮೇಲೆ ಕತ್ತರಿ ಬೀಳೋದು ರಫ್ತುದಾರರ ಜೇಬಿಗೇ.

– ಒಬ್ಬ ಓದುಗ, ಮಂಗಳೂರು