ಗೆದ್ದೆವು, ಸೋತರು

ಪಂದ್ಯ ಮುಗಿದ ಮೇಲೆ ನಾವಾಡುವ ಮಾತಿನ ಕ್ರಿಯಾಪದಗಳನ್ನು ಒಮ್ಮೆ ಗಮನಿಸಬೇಕು. ತಂಡ ಗೆದ್ದ ರಾತ್ರಿ, ಸೋಫಾದಿಂದ ಕದಲದೆ ಕುಳಿತಿದ್ದವನೂ ಫೋನೆತ್ತಿ “ಗೆದ್ದುಬಿಟ್ವಿ ಕಣೋ” ಎನ್ನುತ್ತಾನೆ. ಸೋತ ರಾತ್ರಿ ಅದೇ ಬಾಯಿ “ಥೂ, ಸೋತ್ರು” ಎಂದು ಗೊಣಗಿ ಟೀವಿ ಆರಿಸುತ್ತದೆ. ‘ನಾವು’, ‘ಅವರು’ ಎಂದು ಬಿಡಿಸಿ ಹೇಳಬೇಕಾದ ಅಗತ್ಯವೂ ಕನ್ನಡದಲ್ಲಿಲ್ಲ, ಗೆಲುವು ಯಾರ ಪಾಲಿಗೆ, ಸೋಲು ಯಾರ ತಲೆಗೆ ಎಂಬುದನ್ನು ಕ್ರಿಯಾಪದದ ಕೊನೆಯೇ ಹಂಚಿಬಿಡುತ್ತದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳಲ್ಲೂ ಇದನ್ನೇ ಕಂಡಿದ್ದರು: ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದರೆ ಸೋಮವಾರ ಅದರ ಲಾಂಛನದ ಅಂಗಿಗಳು ಹೆಚ್ಚಾಗಿ ಕಾಣಿಸುತ್ತಿದ್ದವು, ಗೆಲುವಿನ ವರ್ಣನೆಯಲ್ಲಿ ‘ನಾವು’ ಎಂಬ ಪದ ಸೋಲಿನ ವರ್ಣನೆಗಿಂತ ಹೆಚ್ಚಾಗಿ ಕೇಳಿಬರುತ್ತಿತ್ತು. ಈ ಚಪಲಕ್ಕೆ ಸಂಪಾದಕನೂ ಹೊರತಲ್ಲ.

ಹೀಗೆ ಕಡ ತಂದ ಗೆಲುವು ಮನೆಯೊಳಗಿರುವಷ್ಟು ಹೊತ್ತು ಯಾರಿಗೂ ತೊಂದರೆಯಿಲ್ಲ. ಅದು ಬೀದಿಗಿಳಿದಾಗ ಏನಾಗುತ್ತದೆ ಎಂಬುದೇ ಈ ಬಾರಿ ನಮ್ಮನ್ನು ಕಾಡಿದ ಪ್ರಶ್ನೆ. ಸೋತವರು ಹತಾಶೆಯಿಂದ ಕಲ್ಲೆಸೆಯುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಉತ್ತರ ಅಮೆರಿಕದ ನಗರಗಳಲ್ಲಿ ಅನೇಕ ಬಾರಿ ಬೆಂಕಿ ಹಚ್ಚಿದವರು ಗೆದ್ದ ತಂಡದ ಅಭಿಮಾನಿಗಳೇ. 1984ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್ ಗೆದ್ದ ರಾತ್ರಿ ಅದೇ ಊರಿನಲ್ಲಿ ಪೊಲೀಸ್ ಕಾರು ಹೊತ್ತಿ ಉರಿಯಿತು. 1992ರಲ್ಲಿ ಶಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಾಗ ಶಿಕಾಗೊದ ಅಂಗಡಿಗಳೇ ಲೂಟಿಯಾದವು. 2018ರಲ್ಲಿ ಫಿಲಡೆಲ್ಫಿಯಾದ ತಂಡ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಆಡುವುದಿದ್ದಾಗ ಆ ನಗರದ ಸಿಬ್ಬಂದಿ ಅಭಿಮಾನಿಗಳು ಹತ್ತದಂತೆ ದೀಪದ ಕಂಬಗಳಿಗೆ ಜಾರುವ ಎಣ್ಣೆ ಬಳಿದರು. ತನ್ನ ನಾಗರಿಕರು ಸಂತೋಷಪಡಬಹುದೆಂದು ಹೆದರಿ ನಗರವೊಂದು ಕಂಬಕ್ಕೆ ಎಣ್ಣೆ ಹಚ್ಚುವ ದೃಶ್ಯಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಗೆದ್ದವನಿಗೆ ದೂರು ಎಂಬುದಿರುವುದಿಲ್ಲ. ಕೂಲಿ ಸಿಗದವನ, ನ್ಯಾಯ ಸಿಗದವನ ಕಲ್ಲಿಗೆ ಒಂದು ವಿಳಾಸವಿರುತ್ತದೆ. ಅದನ್ನು ಒಪ್ಪದಿದ್ದರೂ ಅದರ ಕಾರಣವನ್ನು ನಾವು ಓದಿಕೊಳ್ಳಬಲ್ಲೆವು. ಗೆಲುವಿನ ರಾತ್ರಿಯ ಕಲ್ಲಿಗೆ ಅಂಥ ವಿಳಾಸವೇ ಇಲ್ಲ. ಇಂದು ಒಂದು ದಿನ ಏನು ಮಾಡಿದರೂ ನಡೆಯುತ್ತದೆ ಎಂಬ ಭರವಸೆಯಿಂದಲೇ ಅದು ಹಾರುತ್ತದೆ, ಮತ್ತು ಆ ಭರವಸೆಯನ್ನು ಕೊಟ್ಟವರು ಅಭಿಮಾನಿಗಳಲ್ಲ, ಸಮಾಜ. ವೇತನಕ್ಕಾಗಿ ರಸ್ತೆ ತಡೆದವರನ್ನು ‘ಸಮಾಜಘಾತುಕರು’ ಎಂದು ಕರೆಯಲು ಹಿಂಜರಿಯದ ಬಾಯಿಗಳು ಪಂದ್ಯದ ರಾತ್ರಿ ಅದೇ ರಸ್ತೆಯಲ್ಲಿ ಬಸ್ಸಿನ ಗಾಜು ಒಡೆದವರನ್ನು ‘ಉತ್ಸಾಹ ಅತಿಯಾಯಿತು’, ‘ಹುಡುಗರು, ವಯಸ್ಸಿನ ಬಿಸಿ’ ಎಂಬಷ್ಟಕ್ಕೇ ಬಿಟ್ಟುಬಿಡುತ್ತವೆ. ಸಮಾಜವೊಂದು ಯಾವುದನ್ನು ಪೂಜಿಸುತ್ತದೆ ಎಂಬುದಕ್ಕಿಂತ ಯಾವುದನ್ನು ಸಲೀಸಾಗಿ ಕ್ಷಮಿಸುತ್ತದೆ ಎಂಬುದರಲ್ಲಿ ಅದರ ಮೌಲ್ಯಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ ಎಂಬುದು ನಮ್ಮ ಅನಿಸಿಕೆ.

ಸೋಲಿನ ಗಲಭೆಗಳೂ ಇವೆ. 1996ರ ಮಾರ್ಚ್ 13ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕಾದ 251 ರನ್ನುಗಳ ಬೆನ್ನುಹತ್ತಿದ ಭಾರತ, ಒಂದು ವಿಕೆಟ್ಟಿಗೆ 98 ಇದ್ದದ್ದು ಎಂಟು ವಿಕೆಟ್ಟಿಗೆ 120ಕ್ಕೆ ಕುಸಿದಾಗ ಬಾಟಲಿಗಳು ಮೈದಾನಕ್ಕೆ ಬಿದ್ದವು, ಸ್ಟ್ಯಾಂಡುಗಳಲ್ಲಿ ಬೆಂಕಿ ಎದ್ದಿತು, ಮ್ಯಾಚ್ ರೆಫರಿ ಕ್ಲೈವ್ ಲಾಯ್ಡ್ ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟರು. ಅಳುತ್ತಾ ಹೊರನಡೆದ ವಿನೋದ್ ಕಾಂಬ್ಳಿಯ ಮುಖವನ್ನು ಅಂದು ಟೀವಿ ನೋಡಿದ ಯಾರೂ ಮರೆತಿರಲಾರರು. ಆದರೆ ಆ ಸಂಜೆ ಶ್ರೀಲಂಕಾದವರು ಎಷ್ಟು ಚೆನ್ನಾಗಿ ಆಡಿದರು ಎಂಬುದನ್ನು ನೆನೆಯುವವರು ಎಷ್ಟು ಜನ?

ಕೆಲವೊಮ್ಮೆ ಆಟ ಬರಿಯ ನೆಪವಾಗಿರುತ್ತದೆ. 532ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ರಥದ ಪಂದ್ಯಗಳ ನೀಲಿ ಮತ್ತು ಹಸಿರು ಬಣಗಳು ಹಗೆ ಮರೆತು ಒಂದಾಗಿ ಚಕ್ರವರ್ತಿ ಜಸ್ಟಿನಿಯನ್‌ನ ಮೇಲೇ ತಿರುಗಿಬಿದ್ದದ್ದು, 1955ರ ಮಾರ್ಚ್‌ನಲ್ಲಿ ಐಸ್ ಹಾಕಿ ಆಟಗಾರ ಮಾರಿಸ್ ರಿಶಾರ್‌ನನ್ನು ಲೀಗ್ ಅಮಾನತುಗೊಳಿಸಿದಾಗ ಕೆನಡಾದ ಮಾಂಟ್ರಿಯಲ್‌ನಲ್ಲಿ ಗಲಭೆಯೆದ್ದದ್ದು ಇಂಥವು. ಮಾಂಟ್ರಿಯಲ್‌ನ ಸಿಟ್ಟಿನಲ್ಲಿ ಫ್ರೆಂಚ್ ಮಾತಾಡುವವರು ಇಂಗ್ಲಿಷರ ಯಜಮಾನಿಕೆಯ ಕೆಳಗೆ ನುಂಗಿಕೊಂಡಿದ್ದ ಅವಮಾನವೂ ಸೇರಿತ್ತು. ಅದನ್ನು ಗೆಲುವಿನ ರಾತ್ರಿಯ ಲೂಟಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟರೆ ಈ ಬರಹ ಅಪ್ರಾಮಾಣಿಕವಾದೀತು. ‘ಅಭಿಮಾನಿ’ ಎಂದರೆ ‘ಪುಂಡ’ ಎಂದು ಮೊದಲೇ ತೀರ್ಮಾನಿಸಿದ ಸಮಾಜ ಏನು ಮಾಡಬಲ್ಲದು ಎಂಬುದನ್ನು ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದ ದುರಂತ ತೋರಿಸಿಕೊಟ್ಟಿತು. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಎದುರಾಳಿಗಳ ಮೇಲೆ ನುಗ್ಗಿ 39 ಜನ ಸತ್ತದ್ದು ನಿಜ. ನಾಲ್ಕು ವರ್ಷಗಳ ಬಳಿಕ, 1989ರ ಏಪ್ರಿಲ್ 15ರಂದು, ಅದೇ ಲಿವರ್‌ಪೂಲ್‌ನ ಅಭಿಮಾನಿಗಳು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ, ಪ್ರೇಕ್ಷಕರು ಮೈದಾನಕ್ಕೆ ಇಳಿಯದಂತೆ ಹಾಕಿದ್ದ ಕಬ್ಬಿಣದ ಬೇಲಿಗೆ ಒತ್ತಿಕೊಂಡು ಉಸಿರುಗಟ್ಟಿದಾಗ, ಅದೂ ಗಲಭೆಯೇ ಇರಬೇಕೆಂದು ಭಾವಿಸಲಾಯಿತು. ಸತ್ತವರು ಒಟ್ಟು 97. ಕುಡಿದು ಬಂದವರೇ ಕಾರಣ ಎಂಬ ಮಾತು ಪತ್ರಿಕೆಗಳಲ್ಲಿ ಬಂತು, ಪೊಲೀಸರ ಹೇಳಿಕೆಗಳು ತಿದ್ದಲ್ಪಟ್ಟವು, ಮತ್ತು ಅಭಿಮಾನಿಗಳ ತಪ್ಪೇನೂ ಇಲ್ಲ, ಇವು ಕಾನೂನುಬಾಹಿರ ಸಾವುಗಳು ಎಂದು ಜ್ಯೂರಿ ಹೇಳುವ ಹೊತ್ತಿಗೆ 2016 ಬಂದಿತ್ತು. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಮಲಾಂಗ್‌ನಲ್ಲಿ ಮೈದಾನಕ್ಕಿಳಿದ ಅಭಿಮಾನಿಗಳನ್ನು ಚದುರಿಸಲು ಪೊಲೀಸರು ಸ್ಟ್ಯಾಂಡುಗಳತ್ತಲೂ ಅಶ್ರುವಾಯು ಸಿಡಿಸಿದಾಗ, ಬಾಗಿಲುಗಳ ಬಳಿಯ ನೂಕುನುಗ್ಗಲಿನಲ್ಲಿ 135 ಜನ ತೀರಿಕೊಂಡರು. ಹಾಗಾಗಿ ‘ಅಭಿಮಾನಿಗಳ ಗಲಭೆ’ ಎಂಬ ತಲೆಬರಹ ಕಂಡಾಗ ಬಾಗಿಲುಗಳು ತೆರೆದಿದ್ದವೇ ಎಂದು ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು.

ಬಾಗಿಲೂ ತೆರೆದಿದ್ದು, ದೂರೂ ಇರದ ಗಲಭೆಯ ನಿಚ್ಚಳ ಉದಾಹರಣೆ ಕೆನಡಾದ ವ್ಯಾಂಕೂವರ್‌ನದು. 2011ರ ಜೂನ್ 15ರಂದು ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳನೆಯ ಪಂದ್ಯದಲ್ಲಿ ತವರಿನ ತಂಡ ಬೋಸ್ಟನ್‌ಗೆ 4–0ಯಿಂದ ಸೋತಾಗ ಕಾರುಗಳು ಉರಿದವು, ಅಂಗಡಿಗಳು ಒಡೆದವು. ಹೊತ್ತಿ ಉರಿಯುವ ಕಾರಿನ ಮುಂದೆ ತಂಡದ ಜೆರ್ಸಿ ತೊಟ್ಟವರು ನಗುತ್ತಾ ಫೋಟೊ ತೆಗೆಸಿಕೊಂಡರು. ಮುಖ ಮುಚ್ಚಿಕೊಳ್ಳಬೇಕೆಂದು ಹಲವರಿಗೆ ಅನಿಸಲೇ ಇಲ್ಲ. ಆ ಫೋಟೊಗಳೇ ಮುಂದೆ ಪೊಲೀಸರ ಸಾಕ್ಷ್ಯವಾದವು, ಸಿಕ್ಕಿಬಿದ್ದವರಲ್ಲಿ ಅನೇಕರ ಮೇಲೆ ಹಿಂದೆ ಒಂದು ಕೇಸೂ ಇರಲಿಲ್ಲ. ಮರುದಿನ ಬೆಳಿಗ್ಗೆ ಕರೆಯದೆಯೇ ಬಂದ ಜನ ಪೊರಕೆ, ಕೈಗವಸು ಹಿಡಿದು ಬೀದಿ ಗುಡಿಸಿದರು. ಒಡೆದ ಗಾಜಿನ ಜಾಗದಲ್ಲಿ ಹೊಡೆದಿದ್ದ ಪ್ಲೈವುಡ್ ಹಲಗೆಗಳ ಮೇಲೆ ಸಾಲುಗಟ್ಟಿ ನಿಂತು ಕ್ಷಮೆ ಕೋರಿ ಬರೆದರು. ಜಾಗ ತುಂಬಿದ ಮೇಲೂ, ಹಿಂದಿನವರ ಸಾಲುಗಳ ನಡುವೆ ಸಂದು ಹುಡುಕಿ ಬರೆದರು. ಹಾಗೆ ಬರೆಯಲು ನಿಂತ ಎಷ್ಟೋ ಜನ ಹಿಂದಿನ ರಾತ್ರಿ ಒಂದು ಗಾಜನ್ನೂ ಮುಟ್ಟಿದವರಲ್ಲ.