ಗೋರಿಗಳ ಹಿಂದಿನ ಚಳಿಜ್ವರವನ್ನೂ ಫಲಕ ಹೇಳಲಿ

ಮಾನ್ಯ ಸಂಪಾದಕರೇ,

ಶ್ರೀರಂಗಪಟ್ಟಣದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಿಂದ ತುಸು ಒಳಕ್ಕೆ, ಕಾವೇರಿ ದಂಡೆಯಲ್ಲಿರುವ ಗ್ಯಾರಿಸನ್ ಸ್ಮಶಾನಕ್ಕೆ ಕಳೆದ ತಿಂಗಳು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಪ್ರವಾಸಿಗರ ಗುಂಪೊಂದಕ್ಕೆ ವಿವರಣೆ ಕೊಡುತ್ತಿದ್ದವರೊಬ್ಬರು, ಇವರೆಲ್ಲ ಟಿಪ್ಪುವಿನೊಡನೆ ಕಾದಾಡಿ ಸತ್ತ ಬ್ರಿಟಿಷರೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಮೊಮ್ಮಗಳು ಮೊಣಕಾಲೆತ್ತರವೂ ಇಲ್ಲದ ಗೋರಿಯೊಂದರ ಮುಂದೆ ನಿಂತು, ‘ಪಾಪು ಯಾಕೆ ಯುದ್ಧಕ್ಕೆ ಹೋಗಿತ್ತು ತಾತ?’ ಎಂದಳು.

ಅವಳ ಅನುಮಾನ ಸರಿಯಾಗಿಯೇ ಇದೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಈಸ್ಟ್ ಇಂಡಿಯಾ ಕಂಪನಿ ತನ್ನಲ್ಲೇ ಇಟ್ಟುಕೊಂಡು, ಅಲ್ಲಿ ದಂಡನ್ನು ಇರಿಸಿತು. ಸುಮಾರು 300 ಗೋರಿಗಳ ಈ ಸ್ಮಶಾನ ಆ ದಂಡಿನದು, ಅಂದರೆ ಯುದ್ಧ ಮುಗಿದ ಮೇಲೆ ಇಲ್ಲಿ ಸಂಸಾರ ಹೂಡಿದವರದು. ಸೈನಿಕರ ಜೊತೆಗೆ ಅವರ ಹೆಂಡಿರು ಮಕ್ಕಳೂ ಇಲ್ಲಿ ಮಣ್ಣಾಗಿದ್ದಾರೆ. ಎಲ್ಲರೂ ಬ್ರಿಟಿಷರೆಂಬ ಮಾತೂ ಪೂರ್ತಿ ನಿಜವಲ್ಲ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ದಳದವರ ಗೋರಿಗಳೂ ಇಲ್ಲಿವೆ. 1781ರಲ್ಲಿ ಡಚ್ಚರ ಕಂಪನಿಗಾಗಿ ಕಟ್ಟಿದ ಈ ಕೂಲಿಪಡೆ 1795ರಲ್ಲಿ ಸಿಲೋನಿನಲ್ಲಿದ್ದಾಗ ಬ್ರಿಟಿಷರ ಕಡೆಗೆ ಬಂದು, 1799ರ ಮುತ್ತಿಗೆಯಲ್ಲಿ ಪಾಲ್ಗೊಂಡು, ಆಮೇಲೂ ಕೆಲವು ವರ್ಷ ಇಲ್ಲೇ ಬೀಡುಬಿಟ್ಟಿತ್ತು. ಮುಳ್ಳುಕಂಟಿ ಬೆಳೆದು ಹಾಳು ಸುರಿಯುತ್ತಿದ್ದ ಈ ಜಾಗವನ್ನು ಸುಮಾರು ಎರಡು ದಶಕಗಳ ಹಿಂದೆ ಆ ದಳ ಕಟ್ಟಿದ ಮ್ಯೂರಾನ್ ಮನೆತನದವರೇ ಮುಂದೆ ನಿಂತು ದುರಸ್ತಿ ಮಾಡಿಸಿದರು. ಆ ಕೆಲಸಕ್ಕೆ ಕಡಲಾಚೆಯಿಂದ ಅವರೇ ಬರಬೇಕಾಯಿತು ಎಂಬುದು ಬೇರೆ ಮಾತು.

ಹಾಗಾದರೆ ಇವರನ್ನು ಕೊಂದದ್ದು ಯಾವುದು? ಬಹುಮಟ್ಟಿಗೆ ಚಳಿಜ್ವರ, ಅಂದರೆ ಮಲೇರಿಯಾ. ಹೊಳೆ ಸುತ್ತುವರಿದ ದ್ವೀಪ, ಕೋಟೆಯ ಸುತ್ತ ಕಂದಕ, ಆಚೀಚೆ ನಾಲೆ ನೀರಿನ ಗದ್ದೆ: ಸೊಳ್ಳೆಗೆ ಇನ್ನೇನು ಬೇಕು? ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ತೋರಿಸಿಕೊಟ್ಟದ್ದು 1897ರಲ್ಲಿ. ಈ ದಂಡಿನ ಕಾಲದಲ್ಲಿ ‘ಕೆಟ್ಟ ಗಾಳಿ’ಯೇ ಇದಕ್ಕೆ ಕಾರಣವೆಂದು ನಂಬಿದ್ದರು. ಈ ಜ್ವರ ತಾಳಲಾರದೆಯೇ 1809ರಲ್ಲಿ ಸೈನ್ಯ ಇಲ್ಲಿಂದ ಬೆಂಗಳೂರಿಗೆ ಹೊರಟಿತು. ಇಂದಿಗೂ ಹಳಬರ ಬಾಯಲ್ಲಿ ‘ದಂಡು’ ಎಂದೇ ಉಳಿದಿರುವ ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದು ಹೀಗೆ.

ದಂಡಿಗೆ ಹೋಗಲು ಬೆಂಗಳೂರಿತ್ತು. ಊರಿನವರಿಗೆ? 1800ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆಗೆ ಇಲ್ಲಿಗೆ ಬಂದಿದ್ದ ವೈದ್ಯ ಫ್ರಾನ್ಸಿಸ್ ಬುಕಾನನ್, ದಂಡನ್ನು ಬಿಟ್ಟು ದ್ವೀಪದ ಜನಸಂಖ್ಯೆಯನ್ನು ಸುಮಾರು 32 ಸಾವಿರವೆಂದು ಅಂದಾಜು ಮಾಡಿದ್ದ. 1901ರ ಜನಗಣತಿಯ ಹೊತ್ತಿಗೆ ಪಟ್ಟಣದಲ್ಲಿ ಉಳಿದವರು 8,584 ಮಂದಿ. ರಾಜಧಾನಿ ಮೈಸೂರಿಗೆ ಹೋದದ್ದು, ಅದರ ಹಿಂದೆ ಕಸುಬು, ವ್ಯಾಪಾರ ಹೋದದ್ದು ಇದಕ್ಕೆ ಕಾರಣವೆಂಬುದು ನಿಜ. ಆದರೆ ಜ್ವರವೂ ಒಂದು ಕಾರಣ. ಹೀಗೆ ಜ್ವರದಿಂದ ಸತ್ತ ಶ್ರೀರಂಗಪಟ್ಟಣದ, ಇದೇ ದ್ವೀಪದ ಗಂಜಾಮಿನ ಜನರಿಗೆ ಗಾರೆಯ ಗೋರಿಯಿಲ್ಲ, ಕೆತ್ತಿದ ಹೆಸರಿಲ್ಲ.

ಮುತ್ತಿಗೆಯ ನೆನಪಿಗೆ ಮೈಸೂರು ಸರ್ಕಾರ 1907ರಲ್ಲಿ ಕೋಟೆಯ ಮೇಲೆ ನಿಲ್ಲಿಸಿದ ಸ್ತಂಭ ಇದ್ದೇ ಇದೆ. ಯುದ್ಧದ ಕಥೆಯನ್ನು ಅಲ್ಲಿ ಹೇಳಲಿ. ಸ್ಮಶಾನದ ಬಾಗಿಲಲ್ಲಿ ಮಾತ್ರ, ಇಲ್ಲಿರುವವರು ಯಾರು, ಯಾವ ಕಾಲದವರು, ಏಕೆ ಸತ್ತರು ಎಂಬುದನ್ನೂ ಅದೇ ಜ್ವರ ಊರನ್ನು ಬರಿದು ಮಾಡಿದ್ದನ್ನೂ ತಿಳಿಸುವ ಕನ್ನಡದ ಫಲಕವೊಂದನ್ನು ಹಾಕಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ. ಗೋರಿಗಳ ಮೇಲೆ ಓದಲು ಬರುವಂತೆ ಉಳಿದಿರುವ ಹೆಸರು, ಇಸವಿಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿ ಒಂದು ಪಟ್ಟಿಯನ್ನೂ ತೂಗುಹಾಕಿದರೆ, ಮುಂದಿನ ಸಲ ಮೊಮ್ಮಗಳಿಗೆ ನಾನು ಉತ್ತರ ಹೇಳಬೇಕಾಗುವುದಿಲ್ಲ, ಅವಳೇ ಓದಿಕೊಳ್ಳುತ್ತಾಳೆ.

– ನಿವೃತ್ತ ಶಿಕ್ಷಕ, ಗಂಜಾಂ, ಶ್ರೀರಂಗಪಟ್ಟಣ